ಗುಂಪುಚಿತ್ರದಲ್ಲಿ ಒಬ್ಬರು ಹೆಚ್ಚು

ಯುಗಾದಿಯಂದು ತೆಗೆದ ನಮ್ಮ ಸಂಘದ ಗುಂಪುಚಿತ್ರವನ್ನು ಕಂಡು ಹಿರಿಯ ಸದಸ್ಯೆಯೊಬ್ಬರು, "ನಮ್ಮ ಯಜಮಾನರೂ ಇದ್ದಿದ್ದರೆ!" ಎಂದರು. ಹಬ್ಬಕ್ಕೆ ಎರಡು ತಿಂಗಳ ಹಿಂದೆಯೇ ಆ ಹಿರಿಯರು ತೀರಿಕೊಂಡಿದ್ದರು. ಅಲ್ಲಿದ್ದ ತರುಣನೊಬ್ಬ ಹಳೆಯ ಪಟವೊಂದರಿಂದ ಅವರನ್ನು ಎತ್ತಿ, ಕಾಲು ಗಂಟೆಯಲ್ಲಿ ಹಿಂದಿನ ಸಾಲಿನಲ್ಲಿ ನಿಲ್ಲಿಸಿಬಿಟ್ಟ. ನೆರಳು ಕೂಡ ಸರಿಯಾಗಿಯೇ ಬಿದ್ದಿತ್ತು! ಆಕೆ ಕಣ್ಣೊರಸಿಕೊಂಡು, "ಪತ್ರಿಕೆಯಲ್ಲೂ ಇದನ್ನೇ ಹಾಕಿ" ಎಂದರು. ನಮಗೆ ಮಾತು ಹೊರಡಲಿಲ್ಲ.

ತಿದ್ದುವುದೇನೂ ಹೊಸತಲ್ಲ. ಸ್ಟುಡಿಯೋದವರು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮೊಡವೆ ಮರೆಸುತ್ತಿದ್ದರು. ವರಾನ್ವೇಷಣೆಗೆ ಕಳುಹಿಸಿದ ಪಟಗಳೇ ಅದಕ್ಕೆ ಸಾಕ್ಷಿ. ಕಂಪ್ಯೂಟರು ಬಂದ ಮೇಲೆ ಕೈ ಇನ್ನೂ ಉದ್ದವಾಯಿತು. 1982ರ ಫೆಬ್ರವರಿಯಲ್ಲಿ 'ನ್ಯಾಷನಲ್ ಜಿಯಾಗ್ರಫಿಕ್' ಪತ್ರಿಕೆ, ಅಡ್ಡಗಲದ ಚಿತ್ರವೊಂದನ್ನು ನೀಳವಾದ ಮುಖಪುಟಕ್ಕೆ ಹೊಂದಿಸಲೆಂದು ಗೀಜಾದ ಪಿರಮಿಡ್ಡುಗಳನ್ನೇ ಹತ್ತಿರಕ್ಕೆ ಸರಿಸಿ ಟೀಕೆಗೆ ಗುರಿಯಾಯಿತು. 2015ರ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯವರಂತೂ, ಕೊನೆಗೆ ಮುಂಚಿನ ಸುತ್ತು ಮುಟ್ಟಿದ ಚಿತ್ರಗಳನ್ನು ಕ್ಯಾಮೆರಾದ ಮೂಲ ಫೈಲಿನೊಡನೆ ಹೋಲಿಸಿ, ನೂರಕ್ಕೆ 20ರಷ್ಟನ್ನು ಹೊರಗಿಟ್ಟರು.

ಹಾಗಾದರೆ ಆ ತಾಯಿಯ ದುಃಖಕ್ಕೂ ಈ ಕಾಯಿದೆಯೇ? ಮನೆಯ ಗೋಡೆಗೆ ಅದು ಬೇಡವೆಂದು ನಮಗೆ ತೋರಿತು. ಪತ್ರಿಕೆಯ ಮಾತು ಬೇರೆ. ಮೂವತ್ತು ವರ್ಷದ ಮೇಲೆ ಇದನ್ನು ತೆರೆಯುವ ಮೊಮ್ಮಕ್ಕಳು, ಆ ಯುಗಾದಿಗೆ ಅಜ್ಜ ಇದ್ದರೆಂದೇ ತಿಳಿದಾರು.

ತಿದ್ದಿದ ಪಟಕ್ಕೆ ಕಟ್ಟು ಹಾಕಿಸಿ ಆಕೆಗೆ ಕೊಟ್ಟೆವು. ಈ ಸಂಚಿಕೆಯಲ್ಲಿ ಮೂಲಚಿತ್ರವೇ ಇದೆ. ಪಕ್ಕದಲ್ಲಿ ಹಿರಿಯರ ಭಾವಚಿತ್ರವನ್ನು ಬೇರೆಯಾಗಿ ಅಚ್ಚುಹಾಕಿದ್ದೇವೆ. ಆಕೆ ಇನ್ನೂ ಸ್ವಲ್ಪ ಮುನಿಸಿಕೊಂಡಿದ್ದಾರೆ.