ಕಲ್ಲುಮನೆಯಲ್ಲಿ ಸ್ಟೀರಿಯೋ ಸಂಗೀತ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಹಳೆಯ ಮನೆಗಳ ಕಲ್ಲುಚಪ್ಪಡಿಯ ಸೂರು, ಗಾರೆಯ ಗೋಡೆ, ನುಣುಪಾದ ನೆಲ ಬಾಳಿಕೆಗೆ ಹೆಸರಾದುವು; ಸಂಗೀತಕ್ಕೆ ಮಾತ್ರ ಒಗ್ಗವು. ಕಲ್ಲು ನಾದವನ್ನು ಹೀರದೆ ಹಿಂದಕ್ಕೆಸೆಯುತ್ತದೆ.

ಬೆಲೆಬಾಳುವ ಸ್ಟೀರಿಯೋ ತಂದವರು ಸಾಮಾನ್ಯವಾಗಿ ಸ್ಪೀಕರುಗಳನ್ನು ಎರಡು ಮೂಲೆಗಳಿಗೆ ಒತ್ತರಿಸಿಬಿಡುತ್ತಾರೆ. ಓಡಾಟಕ್ಕೆ ಅಡ್ಡಿಯಿಲ್ಲವಲ್ಲ! ಆದರೆ ಮೂಲೆಯಲ್ಲಿ ಮಂದ್ರಸ್ವರ ಊದಿಕೊಳ್ಳುತ್ತದೆ. ಮೃದಂಗದ ಎಡಮುಖದ ಗುಂಕಾರದಲ್ಲಿ ಕೀರ್ತನೆಯ ಸಾಹಿತ್ಯವೇ ಮುಳುಗುತ್ತದೆ. ಹತ್ತಡಿ ಚೌಕದ ಕೋಣೆಯಾದರಂತೂ ಸೆಕೆಂಡಿಗೆ ಸುಮಾರು 56 ಕಂಪನಗಳ ಸ್ವರ ಉದ್ದಗಲಗಳೆರಡರಲ್ಲೂ ಒಮ್ಮೆಗೇ ಅನುರಣಿಸಿ ಇಮ್ಮಡಿ ಪೀಡೆಯಾಗುತ್ತದೆ.

ಇದರ ಮದ್ದು ಅಂಗಡಿಯಲ್ಲಿಲ್ಲ. ಸ್ಪೀಕರುಗಳನ್ನು ಗೋಡೆಯಿಂದ ಎರಡಡಿಯಾದರೂ ಈಚೆಗೆಳೆಯಬೇಕು. ಅವುಗಳ ನಡುವೆ ಆರಡಿ ಅಂತರವಿದ್ದರೆ, ಕೇಳುವವರು ಎರಡರಿಂದಲೂ ಆರಡಿ ದೂರದಲ್ಲಿ ಕುಳಿತು ಸಮಭುಜ ತ್ರಿಕೋನವನ್ನು ಪೂರ್ಣಗೊಳಿಸಬೇಕು. ತಾರಸ್ವರ ನುಡಿಯುವ ಚಿಕ್ಕ ಸ್ಪೀಕರು ಕಿವಿಯ ಮಟ್ಟದಲ್ಲಿರಲಿ; ಚಾಪೆಯ ಮೇಲೆ ಕುಳಿತು ಕೇಳುವ ಮನೆಗೆ ಎತ್ತರದ ಮೇಜು ಸಲ್ಲದು. ನೆಲಕ್ಕೆ ಜಮಖಾನ, ಬೆನ್ನ ಹಿಂದೆ ಪುಸ್ತಕಗಳ ಕಪಾಟು ಉಚಿತ. ಶಿಡ್ಲಘಟ್ಟ ರೇಷ್ಮೆಗೆ ಪ್ರಸಿದ್ಧವೆಂದು ತೆಳುವಾದ ರೇಷ್ಮೆಯ ಪರದೆಯನ್ನು ನೆಚ್ಚಬೇಕಾಗಿಲ್ಲ. ಈ ಕೆಲಸಕ್ಕೆ ದಪ್ಪ ಕಂಬಳಿಯೇ ಲೇಸು.

ಇಷ್ಟಾದ ಬಳಿಕ ಸ್ಟೀರಿಯೋದಲ್ಲಿ ಮುದ್ರಿಸಿದ ಒಂದು ಕಚೇರಿಯನ್ನು ಹಾಕಿ ನೋಡಬಹುದು. ಒಂದು ಪಕ್ಕದಲ್ಲಿ ಪಿಟೀಲು, ಇನ್ನೊಂದು ಪಕ್ಕದಲ್ಲಿ ಮೃದಂಗ. ಪೆಟ್ಟಿಗೆಯೇ ಇಲ್ಲದ ನಡುಜಾಗದಲ್ಲಿ ಗಾಯಕರು ಕುಳಿತು ಹಾಡುತ್ತಿರುತ್ತಾರೆ.