ಉಸಿರಿನ ಜೊತೆ ಒಳಗೆ ಹೋಗುವ ನೀರು

ನೀರು ಕುಡಿಯದೇನೇ
ನೀರಿನಿಂದ ನ್ಯುಮೋನಿಯಾ ಬರಬಹುದಾ?

ಬರಬಹುದು.

1976, ಜುಲೈ. ಅಮೆರಿಕದ ಫಿಲಡೆಲ್ಫಿಯಾ.
ದೊಡ್ಡ ಹೋಟೆಲೊಂದರಲ್ಲಿ ಮಾಜಿ ಸೈನಿಕರ ಸಮಾವೇಶ.
ಮುಗಿಸಿ ಮನೆಗೆ ಹೋದವರು
ಒಬ್ಬೊಬ್ಬರಾಗಿ ಮಲಗಿದರು.
ಜ್ವರ, ಕೆಮ್ಮು, ಉಸಿರಾಟಕ್ಕೇ ಕಷ್ಟ.
ಒಟ್ಟು 34 ಜನ ತೀರಿಕೊಂಡರು.

ವಿಷವಾ? ಹಂದಿಜ್ವರಾನಾ?
ತಿಂಗಳುಗಟ್ಟಲೆ ಯಾರಿಗೂ ತಿಳಿಯಲಿಲ್ಲ.
ಕೊನೆಗೆ ಜೋಸೆಫ್ ಮ್ಯಾಕ್‌ಡೇಡ್ ಎಂಬ ವಿಜ್ಞಾನಿ
ಒಂದು ಬ್ಯಾಕ್ಟೀರಿಯಾ ಕಂಡುಹಿಡಿದರು.
ಇವತ್ತು ಅದರ ಹೆಸರು ಲೀಜಿಯೊನೆಲ್ಲಾ.

ಕೆರೆ, ಹೊಳೆಗಳಲ್ಲಿ ಇದು ಸ್ವಲ್ಪವೇ ಇರುತ್ತೆ.
ಆದರೆ ಪೈಪು, ಟ್ಯಾಂಕು,
ದೊಡ್ಡ ಕಟ್ಟಡಗಳ ಕೂಲಿಂಗ್ ಟವರು...
ಅಲ್ಲಿ ಬೆಚ್ಚಗೆ ನಿಂತ ನೀರು ಸಿಕ್ಕರೆ
ಚೆನ್ನಾಗಿ ಬೆಳೆಯುತ್ತೆ.
ಆ ನೀರು ಕಣ್ಣಿಗೆ ಕಾಣದ ಹನಿಯಾಗಿ ಗಾಳಿಗೆ ಸೇರುತ್ತೆ.
ನಾವು ಉಸಿರಾಡ್ತೀವಿ.

ಈಗ ಕೇಳಿ, ನನ್ನನ್ನು ಬೆಚ್ಚಿಬೀಳಿಸಿದ ಸಂಗತಿ.
ನಮ್ಮ ಶ್ವಾಸಕೋಶದ ಕಾವಲು ಕೋಶಗಳು
ರೋಗಾಣುವನ್ನು ನುಂಗಿ ಕೊಲ್ಲುತ್ತವೆ.
ಇದನ್ನೂ ನುಂಗುತ್ತವೆ.
ಆದರೆ ಇದು ಸಾಯಲ್ಲ!
ಹಿಡಿದು ತಂದ ಕಳ್ಳ
ಪೊಲೀಸ್ ಠಾಣೆಯಲ್ಲೇ ಸಂಸಾರ ಹೂಡಿದ ಹಾಗೆ,
ಕೋಶದೊಳಗೇ ಮರಿ ಮಾಡುತ್ತೆ.
ಈ ವಿದ್ಯೆ ಕಲಿತದ್ದು ನೀರಿನಲ್ಲೇ,
ತನ್ನನ್ನು ನುಂಗುವ ಅಮೀಬಾಗಳ ಹೊಟ್ಟೆಯಲ್ಲಿ.

ಸಾಮಾನ್ಯವಾಗಿ ಒಬ್ಬರಿಂದ ಒಬ್ಬರಿಗೆ ಹರಡಲ್ಲ.
ವಯಸ್ಸಾದವರಿಗೆ, ಸಿಗರೇಟು ಸೇದುವವರಿಗೆ ಅಪಾಯ ಹೆಚ್ಚು.
ಬೇಗ ಗೊತ್ತಾದರೆ ಸರಿಯಾದ ಆಂಟಿಬಯಾಟಿಕ್‌ನಿಂದ ವಾಸಿಯಾಗುತ್ತೆ.

ಬಹಳ ದಿನ ಮನೆ ಬೀಗ ಹಾಕಿ ಹೋಗಿದ್ರಾ?
ಬಂದ ತಕ್ಷಣ ಶವರ್ ಕೆಳಗೆ ನಿಲ್ಲಬೇಡಿ.
ನೀರು ಬಿಟ್ಟು, ಬಚ್ಚಲ ಬಾಗಿಲು ಎಳೆದುಕೊಂಡು,
ಕೆಲವು ನಿಮಿಷ ಆಚೆ ಇರಿ.
ಗೀಸರ್ ನೀರು 60 ಡಿಗ್ರಿಗೆ ಕಾಯಲಿ.
ಆ ಬಿಸಿಗೆ ಇದು ಉಳಿಯಲ್ಲ.
ಮೈಮೇಲೆ ಹಾಕಿಕೊಳ್ಳುವಾಗ ಮಾತ್ರ
ತಣ್ಣೀರು ಬೆರೆಸಿಕೊಳ್ಳಿ.