ಅಂಗಾತ ಈಜು

ಸವದತ್ತಿ ಸೀಮೆಯ ಸಿರಸಂಗಿಯಂತಹ ಊರುಗಳಲ್ಲಿ ಈಜು ಬಹುಕಾಲದಿಂದ ತೋಟದ ಬಾವಿಯ ವಿದ್ಯೆ. ಸೊಂಟಕ್ಕೆ ಬೆಂಡನ್ನೋ ಒಣಗಿದ ಸೋರೆಬುರುಡೆಯನ್ನೋ ಕಟ್ಟಿಕೊಂಡು, ಹಿರಿಯರ ಕಣ್ಣೆದುರಿನಲ್ಲಿ ನೀರಿಗಿಳಿದು ಕೈಕಾಲು ಬಡಿಯುವುದೇ ಅದರ ಮೊದಲ ಪಾಠ. ನವಿಲುತೀರ್ಥದ ಬಳಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ ಮೇಲೆ ರೇಣುಕಾಸಾಗರದ ವಿಶಾಲ ಜಲರಾಶಿಯೂ ಆ ಸೀಮೆಗೆ ಒದಗಿತು. ನೀರು ಸಮೀಪವಿದ್ದಷ್ಟೂ ಈಜಿನ ಅರಿವು ಅಗತ್ಯವಾಗುತ್ತದೆ. ಬಾವಿಯಲ್ಲಿ ಕಲಿತವರು ಸಾಮಾನ್ಯವಾಗಿ ಬೋರಲಾಗಿ ಈಜುತ್ತಾರೆ. ಆದರೆ ದಣಿದವನಿಗೆ ಆಸರೆಯಾಗುವುದು ಅಂಗಾತ ಈಜು. ಬೆನ್ನ ಮೇಲೆ ಮಲಗಿದವನ ಮೂಗು ಬಾಯಿಗಳು ನೀರಿನಿಂದ ಹೊರಗಿರುವುದರಿಂದ ಅವನು ನಿರಾತಂಕವಾಗಿ ಉಸಿರಾಡಬಲ್ಲನು. ಆದುದರಿಂದ ಇದು ಪ್ರಾಣರಕ್ಷಣೆಯ ಉಪಾಯವೂ ಹೌದು.

ಸ್ಪರ್ಧೆಗಳಲ್ಲಿ ಈ ಈಜನ್ನು ಬ್ಯಾಕ್‌ಸ್ಟ್ರೋಕ್ ಎಂದು ಕರೆಯುತ್ತಾರೆ. 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇದು ಮೊದಲ ಬಾರಿಗೆ ಸೇರ್ಪಡೆಯಾಯಿತು. ಆರಂಭದ ಈಜುಗಾರರು ಎರಡು ಕೈಗಳನ್ನೂ ಒಟ್ಟಿಗೆ ಬೀಸುತ್ತಿದ್ದರು. 1912ರಲ್ಲಿ ಅಮೆರಿಕದ ಹ್ಯಾರಿ ಹೆಬ್ನರ್ ಒಂದಾದ ಮೇಲೊಂದು ಕೈಯನ್ನು ಬೀಸುತ್ತ ಈಜಿ ಚಿನ್ನದ ಪದಕವನ್ನು ಗೆದ್ದನು. ಅಂದಿನಿಂದ ಆ ಕ್ರಮವೇ ರೂಢಿಗೆ ಬಂದಿತು.

ಕನ್ನಡ ನಾಡಿಗೂ ಈ ಈಜಿನಲ್ಲಿ ಹೆಸರುಂಟು. ಬೆಂಗಳೂರಿನ ಶ್ರೀಹರಿ ನಟರಾಜ್ 2021ರ ಜೂನ್ ತಿಂಗಳಿನಲ್ಲಿ ರೋಮ್ ನಗರದಲ್ಲಿ 100 ಮೀಟರ್ ದೂರವನ್ನು 53.77 ಸೆಕೆಂಡುಗಳಲ್ಲಿ ಕ್ರಮಿಸಿದರು. ಟೋಕಿಯೋ ಒಲಿಂಪಿಕ್ಸ್‌ನ ನೇರ ಪ್ರವೇಶಕ್ಕೆ ಗೊತ್ತುಪಡಿಸಿದ್ದ ಕಾಲ 53.85 ಸೆಕೆಂಡು. ಎರಡಕ್ಕೂ ಇದ್ದ ಅಂತರ ಒಂದು ಸೆಕೆಂಡಿನ ನೂರರಲ್ಲಿ ಎಂಟು ಪಾಲು ಮಾತ್ರ. ಅಷ್ಟು ಅಲ್ಪ ಕಾಲದಲ್ಲಿ ಆ ವೇಗದ ಈಜುಗಾರನು ಸಾಗುವ ದೂರ ಸುಮಾರು 15 ಸೆಂಟಿಮೀಟರ್. ಒಂದು ಗೇಣಿಗಿಂತಲೂ ಕಡಿಮೆ. ದೇಹದ ಭಂಗಿಯಲ್ಲಿ ಆಗುವ ಚಿಕ್ಕ ತಪ್ಪೊಂದು ಈ ಗೇಣನ್ನು ಕಸಿದುಕೊಳ್ಳಬಲ್ಲದು.

ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದುದು. ಅದನ್ನು ಸೀಳಿಕೊಂಡು ಹೋಗುವ ದೇಹಕ್ಕೆ ಅದು ಒಡ್ಡುವ ತಡೆಯೂ ಅಧಿಕ. ವೇಗ ಇಮ್ಮಡಿಯಾದರೆ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಅಂಗಾತ ಈಜನ್ನು ಉತ್ತಮಗೊಳಿಸಬೇಕೆನ್ನುವವನು ಕೈಕಾಲುಗಳ ಬಲವನ್ನು ಹೆಚ್ಚಿಸುವ ಮೊದಲು ಈ ತಡೆಯನ್ನು ತಗ್ಗಿಸಬೇಕು.

ಇದರಲ್ಲಿ ತಲೆಯ ಸ್ಥಾನವೇ ಮುಖ್ಯವಾದುದು. ಹೊಸಬರು ಮುಂದೇನಾಗುವುದೋ ಎಂಬ ಅಂಜಿಕೆಯಿಂದ ತಲೆಯೆತ್ತಿ ಕಾಲುಗಳ ಕಡೆಗೆ ನೋಡುತ್ತಾರೆ. ಮುಳುಗಿದ ಭಾಗಕ್ಕಷ್ಟೇ ನೀರು ಆಸರೆ ಕೊಡುತ್ತದೆಂಬುದು ಆರ್ಕಿಮಿಡೀಸನ ತತ್ತ್ವ. ಮೇಲೆತ್ತಿದ ತಲೆ ಆ ಆಸರೆಯನ್ನು ಕಳೆದುಕೊಂಡು ದೇಹದ ಮೇಲೆ ಭಾರವಾಗುತ್ತದೆ. ಆಗ ಸೊಂಟ ಕುಸಿದು ಕಾಲುಗಳು ಇಳಿಯುತ್ತವೆ. ಇಳಿಜಾರಾಗಿ ನಿಂತ ದೇಹವು ನೀರಿಗೆ ಅಡ್ಡಗಟ್ಟಿದ ಹಲಗೆಯಂತಾಗುತ್ತದೆ. ಕಿವಿಗಳೆರಡೂ ನೀರಿನಲ್ಲಿ ಮುಳುಗಿರಬೇಕು. ದೃಷ್ಟಿ ನೇರವಾಗಿ ಆಕಾಶದ ಕಡೆಗಿರಬೇಕು. ಸೊಂಟ ನೀರಿನ ಮಟ್ಟಕ್ಕೆ ಸಮೀಪವಾಗಿರಬೇಕು. ಹಣೆಯ ಮೇಲೆ ಅರ್ಧ ನೀರು ತುಂಬಿದ ಪ್ಲಾಸ್ಟಿಕ್ ಲೋಟವನ್ನಿರಿಸಿ, ಅದು ಬೀಳದಂತೆ ಈಜುವ ಅಭ್ಯಾಸವನ್ನು ತರಬೇತುದಾರರು ಮಾಡಿಸುವುದುಂಟು.

ತಲೆ ಅಲುಗದಿದ್ದರೂ ಭುಜಗಳು ಹೊರಳಬೇಕು. ನೀರಿಗಿಳಿಯುವ ಕೈಯ ಕಡೆಗೆ ದೇಹ ತುಸು ವಾಲಿದಾಗ ಆ ಕೈಗೆ ಹಿಡಿತ ದೊರೆಯುತ್ತದೆ. ಇನ್ನೊಂದು ಭುಜ ಸುಲಭವಾಗಿ ಮೇಲೇಳುತ್ತದೆ. ಕೈ ನೀರಿನಿಂದ ಹೊರಬರುವಾಗ ಹೆಬ್ಬೆರಳು ಮುಂದಾಗಿರಬೇಕು, ನೀರಿಗಿಳಿಯುವಾಗ ಕಿರುಬೆರಳು. ಕೈ ಭುಜದ ನೇರಕ್ಕೆ ಇಳಿಯಬೇಕಲ್ಲದೆ ತಲೆಯ ಹಿಂದಕ್ಕೆ ದಾಟಬಾರದು. ದಾಟಿದರೆ ದೇಹ ಹಾವಿನಂತೆ ಡೊಂಕಾಗಿ ಸಾಗುತ್ತದೆ. ನೀರಿನೊಳಗೆ ಮೊಣಕೈಯನ್ನು ಬಾಗಿಸಿ, ಅಂಗೈಯಿಂದ ನೀರನ್ನು ಪಾದಗಳ ಕಡೆಗೆ ತಳ್ಳಬೇಕು. ನೀರನ್ನು ಹಿಂದಕ್ಕೆ ತಳ್ಳಿದಷ್ಟು ಬಲ ದೇಹವನ್ನು ಮುಂದಕ್ಕೆ ತಳ್ಳುತ್ತದೆಂಬುದು ನ್ಯೂಟನ್ನನ ಮೂರನೆಯ ನಿಯಮ. ಸೆಟೆದ ಕೈಯಿಂದ ಎಳೆಯುವವನು ನೀರನ್ನು ಮೊದಲು ಕೆಳಕ್ಕೂ ಕಡೆಗೆ ಮೇಲಕ್ಕೂ ತಳ್ಳುವುದರಿಂದ ಶ್ರಮದ ಒಂದು ಭಾಗ ವ್ಯರ್ಥವಾಗುತ್ತದೆ.

ಕಾಲುಗಳ ಬಡಿತ ತೊಡೆಯ ಸಂದಿನಿಂದ ಆರಂಭವಾಗಬೇಕು. ಸೈಕಲ್ ತುಳಿದಂತೆ ಮೊಣಕಾಲುಗಳನ್ನು ನೀರಿನಿಂದ ಹೊರಕ್ಕೆತ್ತುವುದು ಸಾಮಾನ್ಯವಾದ ದೋಷ. ಪಾದಗಳನ್ನು ಚಾಚಿ, ಬೆರಳುಗಳ ಬಳಿ ನೀರು ಕುದಿಯುತ್ತಿರುವಂತೆ ಕಾಣುವಷ್ಟು ಮಾತ್ರ ಬಡಿದರೆ ಸಾಕು. ಮೊದಲು ಕೈಗಳನ್ನು ಮಗ್ಗುಲಲ್ಲಿರಿಸಿ ಕಾಲುಗಳಿಂದಷ್ಟೇ ಸಾಗುವುದು, ಬಳಿಕ ಒಂದು ಕೈಯನ್ನು, ಕೊನೆಗೆ ಎರಡನ್ನೂ ಬಳಸುವುದು ಕ್ರಮವಾದ ಅಭ್ಯಾಸ. ಒಂದು ಕೈ ಹೊರಬರುವಾಗ ಉಸಿರನ್ನೆಳೆದು, ಇನ್ನೊಂದು ಹೊರಬರುವಾಗ ಬಿಟ್ಟರೆ ಲಯ ತಪ್ಪದು.

ಅಂಗಾತ ಈಜುವವನಿಗೆ ಮುಂದಿರುವ ಗೋಡೆ ಕಾಣುವುದಿಲ್ಲ. ಅದಕ್ಕಾಗಿ ಸ್ಪರ್ಧೆಯ ಕೊಳಗಳಲ್ಲಿ ಗೋಡೆಯಿಂದ 5 ಮೀಟರ್ ದೂರದಲ್ಲಿ ಬಾವುಟಗಳ ಸಾಲನ್ನು ಕಟ್ಟಿರುತ್ತಾರೆ. ಬಾವುಟದಿಂದ ಗೋಡೆಗೆ ತನಗೆ ಎಷ್ಟು ಕೈಬೀಸುಗಳು ಬೇಕೆಂಬುದನ್ನು ಎಣಿಸಿ ತಿಳಿದವನು ತಿರುಗಿ ನೋಡದೆ, ತಲೆ ತಗುಲದಂತೆ ಗೋಡೆಯನ್ನು ಮುಟ್ಟಬಲ್ಲನು.

ಬಾವಿಯಲ್ಲಾಗಲಿ ನದಿಯಲ್ಲಾಗಲಿ ಇಂತಹ ಬಾವುಟಗಳಿಲ್ಲ. ಆದುದರಿಂದ ಅಂಗಾತ ಈಜನ್ನು ಬಲ್ಲವರ ಸಮಕ್ಷಮದಲ್ಲಿ, ಆಳ ತಿಳಿದ ನೀರಿನಲ್ಲಿ ಮಾತ್ರ ಅಭ್ಯಸಿಸಬೇಕು; ಕಾಲುವೆಗಾಗಲಿ ಜಲಾಶಯಕ್ಕಾಗಲಿ ಒಂಟಿಯಾಗಿ ಇಳಿಯಬಾರದು. ಅಕಸ್ಮಾತ್ತಾಗಿ ಆಳದ ನೀರಿನಲ್ಲಿ ದಣಿದವನು ಗಾಬರಿಯಿಂದ ತಲೆಯೆತ್ತಿ ಒದ್ದಾಡಿದರೆ ಬೇಗನೆ ಮುಳುಗುತ್ತಾನೆ. ತಲೆಯನ್ನು ಹಿಂದಕ್ಕೆ ಚೆಲ್ಲಿ, ಎದೆಯುಬ್ಬಿಸಿ, ಕೈಗಳನ್ನು ಹರಡಿ ಅಂಗಾತನಾಗಿ ಮಲಗಿದರೆ ನೆರವು ಬರುವವರೆಗೆ ಉಸಿರಾಡುತ್ತಿರಬಲ್ಲನು. ಸ್ಪರ್ಧೆಯಲ್ಲಿ ಗೇಣುದೂರವನ್ನು ಉಳಿಸಿಕೊಡುವ ಆ ಭಂಗಿಯೇ ಆಪತ್ಕಾಲದಲ್ಲಿ ಜೀವವನ್ನೂ ಉಳಿಸುತ್ತದೆ.